ಮಗ್ಗ ನಿಂತರೆ ನೇಕಾರ ಎಲ್ಲಿ?



ನೀರಿನ ಮೇಲೆ ಹೋಗುವ ಹಡಗು ನಿಮಗೆ ಗೊತ್ತು. ನೀರಿನ ಒಳಗೇ ಹೋಗುವ ಹಡಗೂ ಇದೆ. ಅದರ ಹೆಸರು ಜಲಾಂತರ್ಗಾಮಿ. ಬಿಡಿಸಿ ಓದಿ: ಜಲ - ಅಂತರ್ - ಗಾಮಿ. ನೀರಿನ ಒಳಗೆ ಹೋಗುವಂಥದ್ದು ಎಂದು ಅರ್ಥ. ಪದ ಉದ್ದವಾಯಿತು. ಜನ ಸಬ್‌ಮೆರಿನ್ ಅಂತಾರೆ. ನಾವೂ ಹಾಗೇ ಬರೆಯೋಣ.

ಇದು ನಮ್ಮ ನೌಕಾಪಡೆಯ ಹಡಗು. ಶತ್ರುವಿನ ಕಣ್ಣಿಗೆ ಬೀಳದೆ ಸಮುದ್ರ ಕಾಯುತ್ತದೆ. ಮುಂಬಯಿಯಲ್ಲಿ ಮಜಗಾಂವ್ ಡಾಕ್ ಎಂಬ ಸರ್ಕಾರಿ ಕಾರ್ಖಾನೆ ಇದೆ. ಅಲ್ಲಿ ಸಬ್‌ಮೆರಿನ್ ಕಟ್ಟುತ್ತಾರೆ. ಒಂದೊಂದಕ್ಕೆ ಸಾವಿರಾರು ಕೋಟಿ ರೂಪಾಯಿ ಖರ್ಚು. ಆ ದುಡ್ಡು ಯಾರದು? ನಾವು ಕೊಳ್ಳುವ ಸೋಪಿನಲ್ಲಿ ತೆರಿಗೆ ಇದೆ. ಚಹಾ ಪುಡಿಯಲ್ಲೂ ಇದೆ. ಹಾಗಾಗಿ ಈ ಲೆಕ್ಕ ನಮಗೂ ಸೇರಿದ್ದು.

ಬೇಕಾದಾಗ ಮಾಡಿಸಿದರೆ ಸಾಲದೇ?

ಹೀಗೆ ಕೇಳುವುದು ಸಹಜ. ಬೇಕಾದಾಗ ಮಾಡಿಸೋಣ, ಬೇಡವಾದಾಗ ನಿಲ್ಲಿಸೋಣ. ದುಡ್ಡು ಉಳಿಯುತ್ತದೆ ಅಲ್ಲವೇ?

ಮಗ್ಗದ ಮನೆ ನೆನೆಸಿಕೊಳ್ಳಿ. ಎರಡು ವರ್ಷ ಸೀರೆಗೆ ಗಿರಾಕಿ ಇಲ್ಲ. ನೇಕಾರ ಏನು ಮಾಡ್ತಾನೆ? ಗಾರೆ ಕೆಲಸಕ್ಕೆ ಹೋಗ್ತಾನೆ. ಮಗ ಪಟ್ಟಣ ಸೇರ್ತಾನೆ. ನೂಲಿಗೆ ಬಣ್ಣ ಹಾಕುವವನು ಅಂಗಡಿ ಮುಚ್ಚುತ್ತಾನೆ. ಮೂರನೇ ವರ್ಷ ಗಿರಾಕಿ ಬಂದರೆ ಮಗ್ಗ ಇದೆ, ನೇಯುವ ಕೈ ಇಲ್ಲ.

ಸಬ್‌ಮೆರಿನ್ ಕಸುಬು ಇನ್ನೂ ಸೂಕ್ಷ್ಮ. ಅದು 300 ಮೀಟರ್ ಆಳಕ್ಕೆ ಹೋಯಿತು ಅನ್ನಿ. ಅಲ್ಲಿ ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ ಸುಮಾರು 30 ಕಿಲೋ ಭಾರ ಬೀಳುತ್ತದೆ. ಅರ್ಧ ಮೂಟೆ ಸಿಮೆಂಟಿಗಿಂತ ಹೆಚ್ಚು! ಉಕ್ಕಿನ ತಗಡುಗಳನ್ನು ವೆಲ್ಡಿಂಗ್ ಮಾಡಿ ಕೂಡಿಸಿರುತ್ತಾರೆ. ಬೆಸುಗೆಯಲ್ಲಿ ಕೂದಲೆಳೆಯ ಬಿರುಕೂ ಇರಬಾರದು. ನಮ್ಮ ಮೂಳೆಗೆ ಎಕ್ಸ್‌ರೇ ತೆಗೆಯುವ ಹಾಗೆ ಬೆಸುಗೆಗೂ ತೆಗೆದು ನೋಡುತ್ತಾರೆ. ಒಳಗೆ ಸುಮಾರು 40 ಜನರ ಜೀವ ಇರುತ್ತದೆ. ಇಂಥ ಬೆಸುಗೆ ಹಾಕುವ ಕೈ ಒಂದು ತಿಂಗಳಲ್ಲಿ ತಯಾರಾಗದು. ವರ್ಷಗಳು ಬೇಕು.

ಇನ್ನೊಂದು ತೊಡಕು ಇದೆ. ಸೀರೆಗೆ ನೂರು ಗಿರಾಕಿ. ಇದಕ್ಕೆ ದೇಶದಲ್ಲಿ ಒಬ್ಬನೇ ಗಿರಾಕಿ, ನೌಕಾಪಡೆ. ಆ ಒಬ್ಬ ಗಿರಾಕಿ ಸುಮ್ಮನಾದರೆ ಕೆಲಸವೇ ಇಲ್ಲ.

ಮುಂಬಯಿಯಲ್ಲಿ ಏನಾಯಿತು?

1981ರಲ್ಲಿ ನಮ್ಮ ಸರ್ಕಾರ ಜರ್ಮನಿಯ ಒಂದು ಕಂಪನಿ ಜತೆ ಒಪ್ಪಂದ ಮಾಡಿತು. ಒಟ್ಟು ನಾಲ್ಕು ಸಬ್‌ಮೆರಿನ್. ಎರಡನ್ನು ಅವರೇ ಕಟ್ಟಿಕೊಟ್ಟರು. ಉಳಿದ ಎರಡನ್ನು ನಮ್ಮವರು ಮುಂಬಯಿಯಲ್ಲಿ ಕಟ್ಟಿದರು. ಅದಕ್ಕಾಗಿ ಜರ್ಮನಿಗೆ ಹೋಗಿ ಕಲಿತು ಬಂದರು. ಹೀಗೆ ಕಟ್ಟಿದ ಶಾಲ್ಕಿ 1992ರಲ್ಲಿ ನೌಕಾಪಡೆ ಸೇರಿತು. ಶಂಕುಲ್ 1994ರಲ್ಲಿ ಸೇರಿತು.

ಇನ್ನೂ ಎರಡು ಕಟ್ಟಿಸುವ ಮಾತಿತ್ತು. ಆದರೆ 1987ರಲ್ಲಿ ಈ ವ್ಯವಹಾರದಲ್ಲಿ ಕಮಿಷನ್ ಕೈ ಬದಲಾಯಿತು ಎಂಬ ಆರೋಪ ಎದ್ದಿತು. ಮುಂದಿನ ಎರಡನ್ನು ಕೈಬಿಟ್ಟರು. ತನಿಖೆ ಬೇಕೇ ಬೇಕು. ತಿಂದವರನ್ನು ಹಿಡಿಯಲಿ. ಆದರೆ ಕಸುಬೂ ನಿಂತುಹೋಯಿತು. ಕಲಿತು ಬಂದವರು ಬೇರೆ ಕೆಲಸಕ್ಕೆ ಹೋದರು. ಕೆಲವರು ನಿವೃತ್ತರಾದರು.

ಮತ್ತೆ ಕೆಲಸ ಸಿಕ್ಕಿದ್ದು 2005ರಲ್ಲಿ. ಈ ಸಲ ಫ್ರಾನ್ಸಿನ ಮಾದರಿ. ಆರು ಸಬ್‌ಮೆರಿನ್. ಮತ್ತೆ ಮೊದಲಿನಿಂದ ಅಆಇಈ! ಮೊದಲನೆಯದು ಕಲ್ವರಿ. 2012ಕ್ಕೆ ಬರಬೇಕಿತ್ತು. ಬಂದದ್ದು 2017ರ ಡಿಸೆಂಬರಿನಲ್ಲಿ. ಖರ್ಚು ಮೊದಲು 18,798 ಕೋಟಿ ಅಂದಿದ್ದರು. 2010ರಲ್ಲಿ ಅದು 23,562 ಕೋಟಿ ಆಯಿತು. ಸ್ಲೇಟು ತೆಗೆದು ಕಳೆದು ನೋಡಿ. ಹೆಚ್ಚಾದದ್ದು 4,764 ಕೋಟಿ. 2011ರ ಜನಗಣತಿಯ ಪ್ರಕಾರ ನಾವು 121 ಕೋಟಿ ಜನ. ತಲೆಗೆ ಸುಮಾರು 39 ರೂಪಾಯಿ. ಐದು ಜನರ ಮನೆಗೆ ಹತ್ತಿರ ಹತ್ತಿರ 200 ರೂಪಾಯಿ.

ಇದೆಲ್ಲ ಕೆಲಸ ನಿಂತದ್ದರಿಂದಲೇ ಆಯಿತು ಎನ್ನಲಾಗದು. ಸಾಮಾನು ಕೊಳ್ಳುವುದೂ ತಡವಾಯಿತು. ಆದರೆ ಹೊಸ ವಿದ್ಯೆ ಕಲಿಯಲು ಹೊತ್ತು ಹಿಡಿಯಿತು, ಕಾರ್ಖಾನೆ ಸಜ್ಜು ಮಾಡಲು ತಡವಾಯಿತು ಎಂದು ಸರ್ಕಾರವೇ ಹೇಳಿದೆ. ಕೈ ಕುದುರಿದ ಮೇಲೆ ನೋಡಿ. ಉಳಿದ ಐದೂ ಮುಂದಿನ ಸುಮಾರು ಏಳು ವರ್ಷಗಳಲ್ಲಿ ಬಂದವು.

ಬೇರೆ ದೇಶದವರ ಪಾಡು

ಇಂಗ್ಲೆಂಡಿನಲ್ಲಿ ಬ್ಯಾರೋ ಎಂಬ ಊರಿದೆ. ಊರೆಲ್ಲ ಇದೇ ಕಸುಬು ನಂಬಿದೆ. ಒಂದು ಕಾಲಕ್ಕೆ ಅಲ್ಲಿನ ಕಾರ್ಖಾನೆಯಲ್ಲಿ ಸುಮಾರು 13,000 ಜನ ಇದ್ದರು. ಆರ್ಡರು ಕಡಿಮೆಯಾಯಿತು. ಸುಮಾರು 3,000 ಜನ ಉಳಿದರು. ಮತ್ತೆ ಕಟ್ಟಲು ಹೊರಟಾಗ ಅಮೆರಿಕದಿಂದ ತಿಳಿದವರನ್ನು ಕರೆಸಬೇಕಾಯಿತು. ನೂರು ವರ್ಷದ ಅನುಭವ ಇದ್ದವರ ಗತಿ ಇದು!

ಜಪಾನಿನವರು ಬೇರೆ ದಾರಿ ಹಿಡಿದರು. ಅಲ್ಲಿ ಕೋಬೆ ಊರಿನಲ್ಲಿ ಎರಡು ಕಾರ್ಖಾನೆ. ವರ್ಷಕ್ಕೆ ಸುಮಾರು ಒಂದು ಸಬ್‌ಮೆರಿನ್. ಒಂದು ಸಲ ಇವರದು, ಮುಂದಿನ ಸಲ ಅವರದು. ಕೈಗೆ ಬಿಡುವಿಲ್ಲ, ಮರೆವೂ ಇಲ್ಲ. ಆದರೆ ಇದೇನು ಪುಕ್ಕಟೆ ಅಲ್ಲ. ಹೊಸದು ಬಂದ ಹಾಗೆ ಇನ್ನೂ ಗಟ್ಟಿಯಾಗಿದ್ದ ಹಳೆಯದನ್ನು ತೆಗೆಯುತ್ತಿದ್ದರು. 2010ರಲ್ಲಿ ಆ ಪದ್ಧತಿ ಬದಲಿಸಿದರು. ಹಳೆಯದನ್ನು ಹೆಚ್ಚು ವರ್ಷ ಇಟ್ಟುಕೊಂಡರು. ಸಂಖ್ಯೆ 16 ಇದ್ದದ್ದು 22 ಆಯಿತು.

ಕಾರ್ಖಾನೆ ಉಳಿಯಬೇಕು ಅಂತ ಕೇಳಿದಷ್ಟು ದುಡ್ಡು ಕೊಡುವುದೂ ತಪ್ಪು. ಊರಿಗೆ ಒಂದೇ ಅಂಗಡಿ ಇದ್ದರೆ ಅವನು ಹೇಳಿದ್ದೇ ರೇಟು. ನಮ್ಮ ಹಳ್ಳಿಗಳಿಗೆ ಆಸ್ಪತ್ರೆ ಬೇಕು, ನರ್ಸಮ್ಮ ಬೇಕು. ಅದೇ ಗಂಟಿನಿಂದಲೇ ಅದೂ ಬರಬೇಕು. ನಮಗೆ ತೋಚುವುದು ಇಷ್ಟು. ಒಮ್ಮೆಲೇ ಆರು ಮಾಡಿಸಿ ಹತ್ತು ವರ್ಷ ಸುಮ್ಮನೆ ಕೂರುವುದಕ್ಕಿಂತ, ಸ್ವಲ್ಪ ಸ್ವಲ್ಪ ಬಿಡದೆ ಮಾಡಿಸುವುದು ಅಗ್ಗ. ಮಾಡಿಸುವಾಗ ಪೈಸೆ ಪೈಸೆಗೂ ಲೆಕ್ಕ ಕೇಳಬೇಕು.

ಆರನೆಯ ಸಬ್‌ಮೆರಿನ್ ವಾಗ್‌ಶೀರ್ 2025ರ ಜನವರಿ 15ರಂದು ನೌಕಾಪಡೆ ಸೇರಿತು. ಆ ದಿನದವರೆಗೆ ಮುಂದಿನದಕ್ಕೆ ಸಹಿ ಬಿದ್ದಿರಲಿಲ್ಲ. ಆದರೂ ಮಜಗಾಂವ್ ಡಾಕ್‌ನವರ ಕೈ ಪೂರಾ ಖಾಲಿ ಇರಲಿಲ್ಲ. ಶಂಕುಶ್ ಎಂಬ ಹಳೆಯ ಸಬ್‌ಮೆರಿನ್ ರಿಪೇರಿಗೆ ಬಂದಿತ್ತು. 1986ರಲ್ಲಿ ಜರ್ಮನಿಯವರು ಕಟ್ಟಿಕೊಟ್ಟದ್ದು ಅದು. ಅದನ್ನು ಬಿಚ್ಚಿ, ಸರಿಮಾಡಿ, ಆಯಸ್ಸು ಹೆಚ್ಚಿಸುವ ಕೆಲಸಕ್ಕೆ 2023ರ ಜೂನ್‌ನಲ್ಲಿ 2,725 ಕೋಟಿ ರೂಪಾಯಿಯ ಒಪ್ಪಂದ ಆಗಿತ್ತು.