ಹಳೆಯ ಯೆಜ್ಡಿಯ ಕಿಡಿ ತಪ್ಪುವುದೆಲ್ಲಿ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅವನ್ನು ಸಾಕುವವರ ಬಾಯಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ: ತಣ್ಣಗಿದ್ದಾಗ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ, ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ಮಿಸ್ಸಿಂಗ್ ಹೊಡೆದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಆಗ ಮೊದಲು ಪ್ಲಗ್, ಆಮೇಲೆ ಪಾಯಿಂಟ್, ಆಮೇಲೆ ಕಾಯಿಲ್ ಎಂದು ಸಾಮಾನು ಬದಲಿಸುತ್ತ ಹೋಗುವುದು ದುಡ್ಡು ದಂಡ ಮಾಡುವ ದಾರಿ. ಹಳೆಯ ಇಗ್ನಿಷನ್ ತನ್ನ ರೋಗವನ್ನು ಬಚ್ಚಿಡುವುದಿಲ್ಲ.

ಆರು ವೋಲ್ಟ್ ಬ್ಯಾಟರಿಯೂ ಪಾಯಿಂಟೂ ಇರುವ ಮಾದರಿಗಳ ಕಥೆಯಿದು. ಕಾಯಿಲ್ ಒಳಗೆ ತಾಮ್ರದ ಎರಡು ಸುರುಳಿಗಳಿವೆ: ಒಂದು ದಪ್ಪ ತಂತಿಯ ಕೆಲವು ನೂರು ಸುತ್ತು, ಇನ್ನೊಂದು ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ಪಾಯಿಂಟ್ ಕೂಡಿಕೊಂಡಿರುವಾಗ ದಪ್ಪ ಸುರುಳಿಯಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಪಾಯಿಂಟ್ ಬಿಟ್ಟುಕೊಂಡ ಕ್ಷಣ ಆ ಕ್ಷೇತ್ರ ಕುಸಿಯುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮದಂತೆ, ಕುಸಿತ ಎಷ್ಟು ಚುರುಕೋ ಹುಟ್ಟುವ ವೋಲ್ಟೇಜ್ ಅಷ್ಟು ಹೆಚ್ಚು. ಬ್ಯಾಟರಿಯ ಆರು ವೋಲ್ಟ್ ಪ್ಲಗ್ಗಿನ ತುದಿಗೆ ಬರುವಷ್ಟರಲ್ಲಿ ಹತ್ತು ಸಾವಿರವನ್ನೂ ದಾಟಬಲ್ಲದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಟೂ ಸ್ಟ್ರೋಕ್ ಗಾಡಿಯಲ್ಲಿ ಸೆಕೆಂಡಿಗೆ 50 ಕಿಡಿ ಬೇಕು.

ಗಾಡಿ ನಿಂತ ಕೂಡಲೇ, ಅದು ತಣ್ಣಗಾಗುವ ಮುಂಚೆಯೇ, ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ದೋಷ ಹೆಚ್ಚಾಗಿ ಪೆಟ್ರೋಲ್ ದಾರಿಯಲ್ಲಿರುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿಕೊಂಡರೂ ಗಾಡಿ ಹೀಗೇ ಓಡಿ ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದ ಮೇಲೆ ಓಡಿದರೆ ಇಗ್ನಿಷನ್ ಮುಟ್ಟುವುದೇ ಬೇಡ. ತುದಿ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಮಾತ್ರ ಕಿಡಿಯನ್ನು ಅನುಮಾನಿಸಬೇಕು. ಆಗ ಒಳ್ಳೆಯ ಪ್ಲಗ್ಗೊಂದನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಹೊತ್ತಿಕೊಳ್ಳಬಹುದು. ಅದರಿಂದ ದೂರದಲ್ಲೇ ಪರೀಕ್ಷಿಸಿ. ಚಟಪಟ ಸದ್ದಿನ ನೀಲಿ ಕಿಡಿ ಬಂದರೆ ಒಳ್ಳೆಯದು, ಸಣಕಲು ಹಳದಿ ಕಿಡಿ ಸಾಲದು. ಹೊರಗೆ ಕಿಡಿ ಕಂಡಮಾತ್ರಕ್ಕೆ ಒಳಗೂ ಹಾರುತ್ತದೆ ಎನ್ನುವಂತಿಲ್ಲ. ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿಯನ್ನು ಸೀಳಲು ಹೊರಗಿನದಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಬೇಕು.

ಇನ್ನು ಬಲಗಡೆಯ ಕವರ್ ತೆಗೆದು, ಬೆಳಕು ಕಡಿಮೆ ಇರುವ ಕಡೆ ಕಿಕ್ ಹೊಡೆಯುತ್ತ ಪಾಯಿಂಟನ್ನೇ ದಿಟ್ಟಿಸಿ ನೋಡಿ. ಅಲ್ಲಿ ಸಣ್ಣ ಮಿಣುಕು ಸಹಜ. ಪ್ರತಿ ಸಲವೂ ದೊಡ್ಡದಾಗಿ ಝಗ್ಗೆಂದರೆ ಕಂಡೆನ್ಸರ್ ಕೆಟ್ಟಿದೆ. ಕಡಿದ ಕರೆಂಟನ್ನು ಆ ಕ್ಷಣಕ್ಕೆ ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರ್ ಕೆಲಸ. ಅದು ಕೈಕೊಟ್ಟರೆ ಕರೆಂಟ್ ಪಾಯಿಂಟಿನ ಸಂದಿಯನ್ನೇ ಹಾರಿ ಹರಿಯುತ್ತದೆ, ಕಾಂತಕ್ಷೇತ್ರ ನಿಧಾನಕ್ಕೆ ಇಳಿಯುತ್ತದೆ, ಪ್ಲಗ್ಗಿಗೆ ಜೀವವಿಲ್ಲದ ಕಿಡಿ ತಲುಪುತ್ತದೆ. ಪಾಯಿಂಟುಗಳು ಸುಟ್ಟು ಗುಳಿ ಬೀಳುವುದೂ ಇದರಿಂದಲೇ. ಪಾಯಿಂಟಿನ ಹತ್ತಿರ ಎಲ್ಲ ಸರಿಯಿದ್ದು, ಬಿಸಿಯಾದಾಗ ಮಾತ್ರ ಕಿಡಿ ಸೊರಗುತ್ತಿದ್ದರೆ ಕಾಯಿಲ್ ಕಡೆ ತಿರುಗಬೇಕು. ಒಳಗಿನ ತಂತಿಯ ಇನ್ಸುಲೇಷನ್ ಹಳತಾಗಿ ಬಿಸಿಗೆ ಸೋಲುತ್ತದೆ, ತಣಿದಾಗ ಮತ್ತೆ ತಡೆದುಕೊಳ್ಳುತ್ತದೆ. ಮೀಟರ್ ಹಿಡಿದು ತಣ್ಣಗಿರುವ ಕಾಯಿಲ್ ಅಳೆದರೆ ಈ ದೋಷ ಸಿಗದೇ ಹೋಗಬಹುದು.

ಇಷ್ಟೆಲ್ಲ ಮಾಡುವವರೂ ಕಡೆಗಣಿಸುವುದು ವೈರಿಂಗನ್ನು. ಕೀ ಇಡುವ ಸ್ವಿಚ್ಚಿನಲ್ಲೋ ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟಿನಲ್ಲೋ ಒಂದು ವೋಲ್ಟ್ ಸೋರಿಹೋದರೆ ಹನ್ನೆರಡು ವೋಲ್ಟ್ ಗಾಡಿ ಹೇಗೋ ನಿಭಾಯಿಸುತ್ತದೆ. ಆರು ವೋಲ್ಟ್ ಗಾಡಿಗೆ ಅದು ಆರನೇ ಒಂದು ಪಾಲು. ಕಾಯಿಲ್ ಹಿಡಿದಿಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಕಿಡಿಯ ಬಲ ಸುಮಾರು ಶೇಕಡ 30ರಷ್ಟು ಕುಸಿಯುತ್ತದೆ! ಕೀ ಆನ್ ಮಾಡಿ, ಪಾಯಿಂಟ್ ಕೂಡಿಕೊಂಡಿರುವಾಗ ಬ್ಯಾಟರಿಯ ಬಳಿ ಒಮ್ಮೆ, ಕಾಯಿಲ್ ಬಳಿ ಒಮ್ಮೆ ವೋಲ್ಟೇಜ್ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ದಾರಿಯ ಒಂದೊಂದು ಜಾಯಿಂಟನ್ನೂ ಬಿಚ್ಚಿ ಉಜ್ಜಿ ಬಿಗಿ ಮಾಡಿ. ಅಳತೆ ಮುಗಿದ ತಕ್ಷಣ ಕೀ ಆಫ್ ಮಾಡಿ. ಎಂಜಿನ್ ನಿಂತು ಪಾಯಿಂಟ್ ಕೂಡಿಕೊಂಡೇ ಇದ್ದರೆ ಕಾಯಿಲ್ ಸುಮ್ಮನೆ ಕಾದು ಹಾಳಾಗುತ್ತದೆ.

ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ. ಇರಬೇಕು. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಗಾಡಿ ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬೇಕೆಂದಿರುವವರೂ ಮೊದಲು ವೈರಿಂಗ್ ಸರಿಪಡಿಸಿಕೊಳ್ಳಲಿ. ಬ್ಯಾಟರಿಯಿಂದ ನಡೆಯುವ ಹೊಸ ಕಿಟ್ಟಿಗೂ ಬೇಕಾಗುವುದು ಅದೇ ಹಳೆಯ ಅರ್ಥಿಂಗ್ ಬೋಲ್ಟ್.