ಬೆಳಗಾಗುವಷ್ಟರಲ್ಲಿ ಸಾಯುವ ಮೀನು: ಕಾರಣವೇನು, ಪರಿಹಾರವೇನು?

ಸಂಜೆ ಚೆನ್ನಾಗಿ ಈಜಾಡುತ್ತಿದ್ದ ಮೀನು ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲುವುದುಂಟು. ಹಿಂದೂಪುರ, ಕಲ್ಯಾಣದುರ್ಗದ ಕಡೆ ವರ್ಷಕ್ಕೆ ಬೀಳುವ ಮಳೆಯೇ ಸರಾಸರಿ ಸುಮಾರು 550 ಮಿಲಿಮೀಟರು. ಆ ನೀರನ್ನು ಹೊಂಡದಲ್ಲಿ ಹಿಡಿದಿಟ್ಟು ಕಾಟ್ಲಾ, ರೋಹು ಸಾಕಿದವನಿಗೆ ಒಂದು ರಾತ್ರಿಯ ಸಾವೆಂದರೆ ವರ್ಷದ ದುಡಿಮೆಯೇ ಹೋದಂತೆ. ಆಗ ನೆರೆಯವನೇ ವಿಷ ಹಾಕಿದನೆಂಬ ಅನುಮಾನ ಹುಟ್ಟಿ, ಮಾತು ಬೆಳೆದು, ಊರು ಎರಡಾಗುತ್ತದೆ. ಅನುಮಾನಕ್ಕೆ ಮೊದಲು ನೀರನ್ನು ಪರೀಕ್ಷಿಸಬೇಕೆಂದು ನಾವು ಹೇಳುತ್ತೇವೆ.

ರಾತ್ರಿ ನಡೆಯುವುದೇನು?

ನೀರಿನ ಗಿಡ, ಪಾಚಿಗಳು ಹಗಲು ಬಿಸಿಲಿನಲ್ಲಿ ಪ್ರಾಣವಾಯುವನ್ನು ಕೊಡುತ್ತವೆ. ರಾತ್ರಿ ಅವೂ ಮೀನಿನಂತೆಯೇ ಉಸಿರಾಡಿ ಅದನ್ನು ಬಳಸುತ್ತವೆ. 30 ಡಿಗ್ರಿ ಉಷ್ಣದ ನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಪ್ರಾಣವಾಯುವನ್ನು ಮಾತ್ರ ಹಿಡಿಯಬಲ್ಲುದು. 5ರ ಮೇಲಿದ್ದರೆ ಮೀನಿಗೆ ಹಿತ. 2ಕ್ಕೆ ಇಳಿದರೆ ಪ್ರಾಣಕ್ಕೆ ಕುತ್ತು. ಎಲ್ಲಕ್ಕಿಂತ ಕಡಿಮೆಯಾಗುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಎರಡು ಮೂರು ದಿನ ಮೋಡ ಕವಿದರೆ ಹಗಲಿನ ಗಳಿಕೆಯೂ ಕುಗ್ಗುತ್ತದೆ. ಬಿಸಿಲಿನ ಮೇಲೆ ಹಠಾತ್ತನೆ ಗುಡುಗುಮಳೆ ಬಂದರೆ ತಳದ ಕೆಟ್ಟ ನೀರು ಮೇಲಕ್ಕೆ ಬೆರೆತು ಮೀನು ಉಸಿರುಗಟ್ಟುತ್ತದೆ.

ಗುರುತು ಹಿಡಿಯುವ ಬಗೆ

ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ದೊಡ್ಡವು ಮೊದಲು ಸತ್ತಿದ್ದರೆ, ಅದು ಪ್ರಾಣವಾಯುವಿನ ಕೊರತೆ. ಯಾವ ಹೊತ್ತಿನಲ್ಲಾದರೂ ಮೀನು ಹುಚ್ಚೆದ್ದಂತೆ ಸುತ್ತಿ, ದೊಡ್ಡದು ಚಿಕ್ಕದೆನ್ನದೆ, ನೀರಿನ ಹುಳುಗಳೊಡನೆ ಸತ್ತರೆ ಔಷಧಿಯ ವಿಷವನ್ನು ಶಂಕಿಸಬೇಕು. ದಿನಕ್ಕೆ ನಾಲ್ಕೈದರಂತೆ ಸಾಯುತ್ತ, ಮೈಮೇಲೆ ಹುಣ್ಣು ಕಂಡರೆ ಅದು ರೋಗ.

ಕೂಡಲೇ ಮಾಡತಕ್ಕದ್ದು

ಮೇವನ್ನೂ ಗೊಬ್ಬರವನ್ನೂ ನಿಲ್ಲಿಸಿರಿ. ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಎತ್ತರದಿಂದ ಚಿಮ್ಮಿಸಿರಿ. ಪಂಪಿಲ್ಲದಿದ್ದರೆ ಬಿದಿರುಗಳುವಿನಿಂದ ನೀರನ್ನು ಬಡಿಯಿರಿ. ಕೊಳವೆಬಾವಿಯ ನೀರಿನಲ್ಲಿ ಪ್ರಾಣವಾಯು ಕಡಿಮೆ. ಅದನ್ನು ನೇರ ಬಿಡದೆ ಕಲ್ಲಿನ ಮೇಲೆ ಬೀಳಿಸಿ ಬಿಡಿರಿ. ಸತ್ತ ಮೀನನ್ನು ತೆಗೆದು ಹೂಳಿರಿ, ತಿನ್ನಬಾರದು, ಮಾರಬಾರದು. ವಿಷದ ಅನುಮಾನವಿದ್ದರೆ ಶುದ್ಧ ಸೀಸೆಯಲ್ಲಿ ನೀರು ತುಂಬಿಟ್ಟು ಅಂದೇ ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಿರಿ.

ಮುಂಜಾಗ್ರತೆ

ಎಕರೆಗೆ ಸುಮಾರು 2000 ಮರಿ, ಅಂದರೆ ಸೆಂಟಿಗೆ 20ರಂತೆ ಬಿಟ್ಟರೆ ಸಾಕು. ಮೊಣಕೈವರೆಗೆ ತೋಳನ್ನು ನೀರಿನಲ್ಲಿ ನೆಟ್ಟಗೆ ಇಳಿಸಿರಿ. ಅಂಗೈ ಕಾಣದಷ್ಟು ಹಸಿರಾಗಿದ್ದರೆ ಗೊಬ್ಬರ ಹೆಚ್ಚಾಗಿದೆಯೆಂದೇ ತಿಳಿಯಿರಿ. ಕಳೆಗಿಡವನ್ನು ಔಷಧಿ ಹೊಡೆದು ಒಮ್ಮೆಗೇ ಕೊಳೆಸಬಾರದು. ಸ್ವಲ್ಪ ಸ್ವಲ್ಪವಾಗಿ ಕಿತ್ತು ದಡಕ್ಕೆ ಹಾಕಬೇಕು. ಹೊಂಡ ಒಣಗಿದಾಗ ತಳದ ಕಪ್ಪು ಕೆಸರನ್ನು ತೆಗೆದು ಹೊಲಕ್ಕೆ ಹಾಕಿದರೆ ಬೆಳೆಗೂ ಒಳ್ಳೆಯದು. ಚೌಳು ಭೂಮಿಯಲ್ಲಿ ಮಣ್ಣು ಪರೀಕ್ಷಿಸದೆ ಸುಣ್ಣ ಹಾಕಕೂಡದು.

ಟೊಮ್ಯಾಟೊಗೆ ಹೊಡೆಯುವ ಸೈಪರ್‌ಮೆಥ್ರಿನ್‌ನಂತಹ ಔಷಧಿ ಮೀನಿಗೆ ಕಡುವಿಷ. ಸಿಂಪಡಿಸುವ ಡಬ್ಬಿಯನ್ನು ಹೊಂಡದಲ್ಲಿ ತೊಳೆಯಲೇಬಾರದು. ಔಷಧಿಯ ಮೇಲಿನ ತೆಲುಗು ಬರಹ ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ತಿಳಿಯಬೇಕು.

ಗಾಜಿನ ತೊಟ್ಟಿಯವರಿಗೂ ಒಂದು ಮಾತು

ಪೇಟೆಯ ಮನೆಗಳಲ್ಲಿ ಗಿಡ ನೆಟ್ಟು ಬಣ್ಣದ ಮೀನು ಸಾಕುವವರಿಗೂ ಇದೇ ನಿಯಮ. ಗಿಡ ದಟ್ಟವಾಗಿದ್ದರೆ ರಾತ್ರಿ ಗಾಳಿಯಂತ್ರ ನಡೆಯುತ್ತಿರಲಿ. ಗಿಡಕ್ಕೆಂದು ಇಂಗಾಲಾಮ್ಲ ಬಿಡುವವರು ದೀಪ ಆರಿಸುವಾಗ ಅದನ್ನೂ ನಿಲ್ಲಿಸಬೇಕು. ಹೊಸ ತೊಟ್ಟಿಯಲ್ಲಿ ಮೊದಲ ನಾಲ್ಕಾರು ವಾರ ಮೀನಿನ ಮಲದಿಂದ ಅಮೋನಿಯಾ ವಿಷ ಸೇರುವುದರಿಂದ ಮೀನೂ ಮೇವೂ ಕಡಿಮೆಯಿರಲಿ. ನೀರೆಲ್ಲವನ್ನೂ ಒಮ್ಮೆಗೇ ಚೆಲ್ಲದೆ ಕಾಲುಭಾಗ ಮಾತ್ರ ಬದಲಿಸಿರಿ. ಕ್ಲೋರಿನ್ ಬೆರೆತ ನಲ್ಲಿನೀರನ್ನು ಒಂದು ದಿನ ತೆರೆದಿಟ್ಟು ಹಾಕಿರಿ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲ? ಮೋಡ ಮುಸುಕಿದ ದಿನಗಳಲ್ಲಿ ಕೋಳಿ ಕೂಗುವ ಹೊತ್ತಿಗೆ ಹೊಂಡದ ದಡಕ್ಕೊಮ್ಮೆ ಹೋಗಿ ನೋಡುವವನ ಮೀನು ಉಳಿಯುತ್ತದೆ. ನೆರೆಯವನೊಡನೆ ಸ್ನೇಹವೂ ಉಳಿಯುತ್ತದೆ.