ಫೋನು ಹೊಂಡಕ್ಕೆ ಬಿದ್ದರೂ ಲೆಕ್ಕ ಉಳಿಯಿತು
ಕಳೆದ ಮುಂಗಾರಿನಲ್ಲಿ ನನ್ನ ಫೋನು ಕೃಷಿಹೊಂಡಕ್ಕೆ ಬಿತ್ತು. ಸಾವಯವ ದೃಢೀಕರಣಕ್ಕೆ ಬೇಕಾದ ತೋಟದ ಲೆಕ್ಕ, ಬಿಲ್ಲುಗಳ ಫೋಟೋ ಎಲ್ಲಾ ಅದರಲ್ಲೇ ಇದ್ದವು. ಬ್ಯಾಕಪ್ ಆನ್ ಮಾಡಿಟ್ಟಿದ್ದರಿಂದ, ಹೊಸ ಫೋನಿನಲ್ಲಿ ಇಮೇಲ್, ಪಾಸ್‌ವರ್ಡ್ ಹಾಕಿದ ಮೇಲೆ ಎಲ್ಲಾ ವಾಪಸ್ ಸಿಕ್ಕಿತು.

ಕ್ಲೌಡ್ ಅಂದ್ರೆ ಇಷ್ಟೇ: ದೂರದ ಸರ್ವರ್‌ನಲ್ಲಿರುವ ನಮ್ಮ ಕಣಜ. ಇಂಟರ್ನೆಟ್ ಅದಕ್ಕೆ ದಾರಿ, ಪಾಸ್‌ವರ್ಡ್ ಬೀಗದ ಕೈ.

ಎರಡು ವಿಷಯ ನೆನಪಿಡಿ. ಗೂಗಲ್‌ನಲ್ಲಿ ಉಚಿತವಾಗಿ ಸಿಗೋದು 15 ಜಿಬಿ. ಫೋಟೋ, ಡ್ರೈವ್, ಜಿಮೇಲ್ ಮೂರಕ್ಕೂ ಸೇರಿ. ಅದು ತುಂಬಿದರೆ ಹೊಸ ಮೇಲ್ ಬರಲ್ಲ. ಇನ್ನು ಸಿಂಕ್ ಅಂದ್ರೆ ಎರಡೂ ಕಡೆ ಒಂದೇ ಲೆಕ್ಕ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದ್ದು ಕ್ಲೌಡ್‌ನಿಂದಲೂ ಹೋಗುತ್ತೆ. ಮುಖ್ಯ ದಾಖಲೆಗಳ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ಬಿತ್ತನೆ ಬೀಜವನ್ನೆಲ್ಲಾ ಒಂದೇ ಮಡಕೆಯಲ್ಲಿ ಇಡ್ತೀವಾ?